ಅಂಗವಿಕಲ ವೇತನ: ಮೊದಲು ಯಾವ ಕಾಗದ, ಆಮೇಲೆ ಯಾವ ಕಚೇರಿ?

ನಮ್ಮ ಚಿಕ್ಕಪ್ಪನ ಎಡಗಾಲಿಗೆ ಪೋಲಿಯೊ ಬಂದಾಗ ಅವರಿಗೆ ಎರಡು ವರ್ಷ. ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿದಾಗ ಐವತ್ತೊಂದು. ನಡುವಿನ ನಲವತ್ತೊಂಬತ್ತು ವರ್ಷ 'ಅದಕ್ಕೆಲ್ಲ ಯಾರು ಓಡಾಡ್ತಾರೆ' ಎನ್ನುವುದರಲ್ಲೇ ಕಳೆದವು. ಕೊನೆಗೂ ಹೊರಟರು. ಮೊದಲು ಹೋಗಿದ್ದು ಜಿಲ್ಲಾ ಕೇಂದ್ರದ ಅಂಗವಿಕಲರ ಕಲ್ಯಾಣ ಕಚೇರಿಗೆ. 'ವೇತನ ನಮ್ಮಲ್ಲಿ ಬರಲ್ಲ, ತಾಲ್ಲೂಕು ಕಚೇರಿಗೆ ಹೋಗಿ' ಎಂದರು. ತಾಲ್ಲೂಕಿನಲ್ಲಿ 'ಯುಡಿಐಡಿ ಕಾರ್ಡ್ ಎಲ್ಲಿ?' ಎಂದರು. ಅಂಗವಿಕಲರಿಗೆ ದೇಶಕ್ಕೆಲ್ಲ ಒಂದೇ ಆದ ಗುರುತಿನ ಚೀಟಿ ಅದು. ಅಂಗವೈಕಲ್ಯ ಎಷ್ಟು ಅಂತ ಡಾಕ್ಟರುಗಳ ಬೋರ್ಡ್ ನೋಡಿ ಹೇಳಬೇಕು. ಆಸ್ಪತ್ರೆಗೆ ಹೋದರೆ 'ಬೋರ್ಡ್ ಕೂರೋದು ಬುಧವಾರ' ಎಂದರು. ಕಾರ್ಡು ಕೈಗೆ ಬಂತು ಅನ್ನುವಾಗ ಆದಾಯ ಪ್ರಮಾಣಪತ್ರದಲ್ಲಿ 40,000 ರೂಪಾಯಿ ಅಂತ ಇತ್ತು. ಅದು ವೇತನದ ಮಿತಿಗಿಂತ ಜಾಸ್ತಿ, ಹಾಗಾಗಿ ಅದೂ ಆಗಲಿಲ್ಲ.

ಅವರ ಜತೆ ನಾನೂ ಸುತ್ತಿದ್ದೇನೆ. ನನಗೆ ಗೊತ್ತಾಗಿದ್ದು ಇಷ್ಟು: ನಿಯಮಗಳು ಅಂಥ ಕಷ್ಟದವೇನಲ್ಲ, ಸರದಿ ತಪ್ಪಿದರೆ ಮಾತ್ರ ವರ್ಷ ಹಿಡಿಯುತ್ತದೆ. ಹಾಗಾಗಿ ಸರದಿ ಪ್ರಕಾರವೇ ಬರೆಯುತ್ತೇನೆ.

ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ

ಕರ್ನಾಟಕದಲ್ಲಿ ಈ ವೇತನ ಕೊಡುವುದು ಕಂದಾಯ ಇಲಾಖೆ. ಅದರ ಕೆಳಗಿರುವ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ ಇದನ್ನು ನೋಡಿಕೊಳ್ಳುತ್ತದೆ. ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾ, ವಿಧವಾ ವೇತನ ಬರುವುದೂ ಅಲ್ಲಿಂದಲೇ. ಮಂಜೂರು ಮಾಡುವ ಅಧಿಕಾರ ಇರುವುದು ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಗಳಿಗೆ. ಸಾಧನ ಸಲಕರಣೆ, ವಿದ್ಯಾರ್ಥಿವೇತನದಂಥವನ್ನು ಕೊಡುವ ಅಂಗವಿಕಲರ ಇಲಾಖೆಯೇ ಬೇರೆ. ಹೆಸರು ನೋಡಿ ಅಲ್ಲಿಗೆ ಮೊದಲು ಹೋಗುವವರು ನಮ್ಮ ಚಿಕ್ಕಪ್ಪ ಒಬ್ಬರೇ ಅಲ್ಲ.

ಮೊತ್ತ ಅಂಗವೈಕಲ್ಯದ ಪ್ರಮಾಣದ ಮೇಲೆ ಹೋಗುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. ಶೇ 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ. ಇದು 600 ಇತ್ತು, 2021ರಲ್ಲಿ 800 ಆಯಿತು. ಶೇ 75 ಮತ್ತು ಅದಕ್ಕೆ ಮೇಲ್ಪಟ್ಟರೆ 1,400. ಬುದ್ಧಿಮಾಂದ್ಯತೆ ಶೇ 75 ದಾಟಿದವರಿಗೆ 2,000. ಎಪ್ಪತ್ನಾಲ್ಕಕ್ಕೂ ಎಪ್ಪತ್ತೈದಕ್ಕೂ ನಡುವೆ ಒಂದೇ ಅಂಕಿ, ತಿಂಗಳಿಗೆ 600 ರೂಪಾಯಿ ವ್ಯತ್ಯಾಸ. ಬೋರ್ಡಿನ ಮುಂದೆ ಕೂತವರ ಎದೆ ಹೊಡೆದುಕೊಳ್ಳುವುದು ಸುಮ್ನೆ ಅಲ್ಲ.

ಇದರಲ್ಲಿ ಕೇಂದ್ರದ ಪಾಲೂ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ 2009ರಲ್ಲಿ ಶುರುವಾಯಿತು. ಶೇ 80ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ, 18ರಿಂದ 79 ವಯಸ್ಸು, ಬಡತನ ರೇಖೆಗಿಂತ ಕೆಳಗಿನ ಕುಟುಂಬ, ಈ ಮೂರೂ ಇದ್ದರೆ ಕೇಂದ್ರ ಕೊಡುವುದು ತಿಂಗಳಿಗೆ 300 ರೂಪಾಯಿ. ಉಳಿದದ್ದೆಲ್ಲ ರಾಜ್ಯದ್ದು. ಅರ್ಜಿದಾರರು ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅರ್ಜಿ ಒಂದೇ. ರಾಜ್ಯದ ವೇತನಕ್ಕೆ 18 ತುಂಬಿರಬೇಕು ಅಂತಲೂ ಇಲ್ಲ. ಮಗುವಿನ ಹೆಸರಿನಲ್ಲಿ ತಂದೆ ತಾಯಿ ಅಥವಾ ಪೋಷಕರು ಹಾಕಬಹುದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಪ್ರಕಾರ, ಬೇರೆಯವರಿಗಿರುವ ಇಂಥದೇ ಯೋಜನೆಗಳಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಜಾಸ್ತಿ ಕೊಡಬೇಕು. ಆದರೆ 2021ರಲ್ಲಿ ಅಂಗವಿಕಲ ವೇತನ 800 ಆದಾಗ ವಿಧವಾ ವೇತನವೂ 800 ಆಯಿತು. ಸಂಧ್ಯಾ ಸುರಕ್ಷಾ 1,200 ಆಯಿತು. ಲೆಕ್ಕ ನೀವೇ ಹಾಕಿ.

ಮೊದಲ ಕೆಲಸ: ಯುಡಿಐಡಿ ಕಾರ್ಡು

ಬೇರೆ ಯಾವ ಕಾಗದಕ್ಕೂ ಕೈ ಹಾಕುವ ಮೊದಲು ಇದು ಆಗಬೇಕು. ಹಳೆಯ ಕಾಲದ ಅಂಗವಿಕಲರ ಗುರುತಿನ ಪುಸ್ತಕ, ಡಾಕ್ಟರು ಸೀಲು ಹಾಕಿದ ಹಾಳೆ ಇದ್ದರೆ ಎಸೆಯಬೇಡಿ, ಅದೂ ಉಪಯೋಗಕ್ಕೆ ಬರುತ್ತದೆ. ಆದರೆ 2021ರ ಜೂನ್‌ನಿಂದ ಅಂಗವೈಕಲ್ಯ ಪ್ರಮಾಣಪತ್ರ ಕೊಡುವುದೇ ಯುಡಿಐಡಿ ಪೋರ್ಟಲ್ ಮೂಲಕ. ಆ ಪೋರ್ಟಲ್‌ನ ಹೆಸರು ಸ್ವಾವಲಂಬನ್. ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು ಬೇಕು. ಯಾವ ಆಸ್ಪತ್ರೆಗೆ ಹೋಗುತ್ತೀರಿ ಅಂತಲೂ ಅದರಲ್ಲೇ ಆರಿಸಬೇಕು. ಕೊನೆಗೆ ಒಂದು ನೋಂದಣಿ ಸಂಖ್ಯೆ ಬರುತ್ತದೆ, ಬರೆದಿಟ್ಟುಕೊಳ್ಳಿ.

ಮೊಬೈಲು ಗೊತ್ತಿಲ್ಲ ಅಂದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಯಾರು ಅಂತ ವಿಚಾರಿಸಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂದರೆ ಇವರೇ. ತಾಲ್ಲೂಕಿಗೆ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು, ಈ ದಾರಿಯಲ್ಲಿ ನಡೆದು ಬಂದವರು. ಬ್ರೋಕರ್‌ಗೆ ದುಡ್ಡು ಕೊಡುವ ಮೊದಲು ಇವರನ್ನು ಕೇಳಿ.

ಆಸ್ಪತ್ರೆಗೆ ಹೋಗುವ ಮೊದಲು ಬೋರ್ಡ್ ಕೂರುವ ದಿನ ತಿಳಿದುಕೊಳ್ಳಿ. ಬಹಳ ಕಡೆ ವಾರಕ್ಕೆ ಒಂದೇ ದಿನ ಇರುತ್ತದೆ. ಮೂಳೆ, ಕಣ್ಣು, ಕಿವಿ, ಮಾನಸಿಕ, ಎಲ್ಲ ಡಾಕ್ಟರೂ ಅವತ್ತೇ ಇರುತ್ತಾರೆ ಅಂತಲೂ ಇಲ್ಲ. ಹಳೆಯ ಚಿಕಿತ್ಸೆಯ ಚೀಟಿ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಕಿವಿಯ ತೊಂದರೆ ಇರುವ ಚಿಕ್ಕ ಮಕ್ಕಳಿಗೆ ಬೇರಾ ಪರೀಕ್ಷೆ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಯಂತ್ರದಿಂದ ನೋಡುವ ಪರೀಕ್ಷೆ, ಕೇಳುತ್ತಾರೆ. ಆ ಯಂತ್ರ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ದೂರದ ಊರುಗಳಿಂದ ಮಕ್ಕಳನ್ನು ಎತ್ತಿಕೊಂಡು ಬರುವವರನ್ನು ನೋಡಿದರೆ ಇದು ಅರ್ಥವಾಗುತ್ತದೆ.

ಶೇಕಡಾ ಲೆಕ್ಕದಲ್ಲಿ ಜನ ಎಡವುವುದು

1995ರ ಕಾಯ್ದೆಯಲ್ಲಿ ಅಂಗವೈಕಲ್ಯಗಳು ಏಳೇ ಇದ್ದವು. 2016ರ ಕಾಯ್ದೆ ಅದನ್ನು 21 ಮಾಡಿತು. ಕುಬ್ಜತೆ, ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಥಲಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗ (ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ), ಆ್ಯಸಿಡ್ ದಾಳಿಗೆ ಒಳಗಾದವರು, ಕುಷ್ಠ ವಾಸಿಯಾದವರು ಎಲ್ಲ ಪಟ್ಟಿಯಲ್ಲಿದ್ದಾರೆ. ಚಾಮರಾಜನಗರದ ಕಡೆಯ ಕೆಲವು ಬುಡಕಟ್ಟು ಹಾಡಿಗಳಲ್ಲಿ ಕುಡಗೋಲು ಕಣ ರೋಗ ಇದೆ. 'ಕೈಕಾಲು ಸರಿ ಇದೆ, ನಮಗೆಲ್ಲಿ ಬರುತ್ತೆ' ಅಂತ ಸುಮ್ಮನಿರಬೇಡಿ.

ಪಟ್ಟಿಯಲ್ಲಿದ್ದರೆ ಸಾಕಾಗುವುದಿಲ್ಲ, ಕನಿಷ್ಠ ಶೇ 40 ಇರಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಮಾರ್ಗಸೂಚಿ ಪ್ರಕಾರ ಅದು ಶೇ 30. ಹಾಗಾಗಿ ಒಕ್ಕಣ್ಣಿನವರಿಗೆ ವೇತನ ಸಿಗುವುದಿಲ್ಲ. ಇದನ್ನು ಮೊದಲೇ ಹೇಳುವವರು ಕಡಿಮೆ. ಎಷ್ಟೋ ಜನ ಎರಡು ಮೂರು ಬಾರಿ ಬೋರ್ಡಿಗೆ ಹೋಗಿ ಬರಿಗೈಲಿ ಬರುತ್ತಾರೆ.

ಎರಡು ತೊಂದರೆ ಒಟ್ಟಿಗೆ ಇದ್ದರೆ ಸುಮ್ಮನೆ ಕೂಡಿಸುವುದಿಲ್ಲ. ಕಾಲಿಗೆ 40, ಕಿವಿಗೆ 30 ಅಂದರೆ 70 ಆಗಬೇಕಲ್ವಾ? ಆಗುವುದಿಲ್ಲ. ದೊಡ್ಡದನ್ನು ಪೂರ್ತಿ ಹಿಡಿಯುತ್ತಾರೆ. ಅದನ್ನು 90ರಿಂದ ಕಳೆದರೆ ಉಳಿಯುವುದು 50. ಆ 50ನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 17. ಒಟ್ಟು 57. ಡಾಕ್ಟರು ಕಡಿಮೆ ಬರೆದರು ಅಂತ ಜಗಳಕ್ಕೆ ಹೋಗುವ ಮೊದಲು ಈ ಲೆಕ್ಕ ಹಾಕಿ ನೋಡಿ. ಆಮೇಲೂ ತಪ್ಪು ಅನ್ನಿಸಿದರೆ ಕಾಯ್ದೆಯ 59ನೇ ಕಲಂ ಕೆಳಗೆ ಮೇಲ್ಮನವಿಗೆ ಅವಕಾಶ ಇದೆ.

ಕಾರ್ಡಿನ ಬಣ್ಣ ನೋಡಿದರೂ ಗೊತ್ತಾಗುತ್ತದೆ. ಶೇ 40ಕ್ಕಿಂತ ಕಡಿಮೆಯವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲಿನವರಿಗೆ ನೀಲಿ. ಬಿಳಿ ಕಾರ್ಡ್ ಹಿಡಿದು ವೇತನಕ್ಕೆ ಹೋಗಬೇಡಿ. ಮತ್ತೊಂದು, ಕಾರ್ಡು ಕಾಯಂ ಇದೆಯೋ ತಾತ್ಕಾಲಿಕವೋ ನೋಡಿ. ಮಕ್ಕಳಿಗೆ ಮತ್ತು ಕಾಲ ಕಳೆದಂತೆ ಬದಲಾಗುವ ತೊಂದರೆಗಳಿಗೆ ಕೆಲವು ವರ್ಷದ ಮಟ್ಟಿಗೆ ಕೊಡುತ್ತಾರೆ. ಅವಧಿ ಮುಗಿದರೆ ವೇತನವೂ ನಿಲ್ಲಬಹುದು. ಮನೆಯ ಕ್ಯಾಲೆಂಡರಿನ ಹಿಂದೆ ಆ ತಾರೀಖು ಬರೆದಿಡಿ.

ಆದಾಯ: ಬಿಪಿಎಲ್ ಕಾರ್ಡ್ ಇದ್ದರೆ ಸಾಕು ಅಂದುಕೊಳ್ಳಬೇಡಿ

ಅತಿ ಹೆಚ್ಚು ಅರ್ಜಿ ತಿರಸ್ಕಾರವಾಗುವುದು ಇಲ್ಲೇ ಅಂತ ನನ್ನ ಅನಿಸಿಕೆ. ಬಿಪಿಎಲ್ ರೇಷನ್ ಕಾರ್ಡಿಗೆ ವರಮಾನದ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಅಂಗವಿಕಲ ವೇತನಕ್ಕೆ ಮಿತಿ 32,000. ತಿಂಗಳಿಗೆ ಲೆಕ್ಕ ಹಾಕಿದರೆ 2,700 ರೂಪಾಯಿ ಕೂಡ ಆಗುವುದಿಲ್ಲ. ದಿನಗೂಲಿಗೆ ಹೋಗುವವರು ಹತ್ತು ದಿನದಲ್ಲಿ ಅದನ್ನು ದಾಟುತ್ತಾರೆ. ಈ ಮಿತಿ ಇಷ್ಟು ಕೆಳಗೆ ಇರಬಾರದು ಅಂತಲೇ ನನಗನಿಸುತ್ತದೆ, ಆದರೆ ಇರುವುದು ಹೀಗೆ.

ಆದಾಯ ಪ್ರಮಾಣಪತ್ರ ಕೊಡುವುದು ನಾಡಕಚೇರಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ವೇತನದ ಅರ್ಜಿಗೆ ಬೇಕಾಗುವುದು ಆ ಸಂಖ್ಯೆಯೇ. ನಮ್ಮ ಮನೆಯಲ್ಲಿ ಆದದ್ದು ಹೀಗೆ: ಚಿಕ್ಕಪ್ಪನ ಮಗಳ ವಿದ್ಯಾರ್ಥಿವೇತನಕ್ಕೆ ಅಂತ ಹಿಂದೆ ಮಾಡಿಸಿದ್ದ ಪತ್ರದಲ್ಲಿ 40,000 ಇತ್ತು. ವಿದ್ಯಾರ್ಥಿವೇತನಕ್ಕೆ ಅದು ನಡೆಯಿತು. ವೇತನಕ್ಕೆ ನಡೆಯಲಿಲ್ಲ. ಮತ್ತೆ ಅರ್ಜಿ ಕೊಟ್ಟು, ಗ್ರಾಮ ಆಡಳಿತ ಅಧಿಕಾರಿಗೆ ನಿಜ ಪರಿಸ್ಥಿತಿ ತೋರಿಸಿ, ಹೊಸ ಪತ್ರ ತೆಗೆಸಬೇಕಾಯಿತು. ಈ ಗ್ರಾಮ ಆಡಳಿತ ಅಧಿಕಾರಿಯನ್ನೇ ನಾವು ಇನ್ನೂ ವಿಎ ಅನ್ನುತ್ತೇವೆ, ಉತ್ತರ ಕರ್ನಾಟಕದವರು ತಲಾಟಿ ಅನ್ನುತ್ತಾರೆ. ಹಾಗಂತ ಸುಳ್ಳು ಬರೆಸಬೇಡಿ. ಮನೆಯಲ್ಲಿ ಸರ್ಕಾರಿ ಸಂಬಳ ಬರುವವರಿದ್ದು 20,000 ಅಂತ ಬರೆಸಿದರೆ ಮುಂದೊಂದು ದಿನ ಕಂಪ್ಯೂಟರೇ ಹಿಡಿಯುತ್ತದೆ.

ಬ್ಯಾಂಕ್ ಖಾತೆ ಮತ್ತು ಹೆಸರಿನ ತಕರಾರು

ಹಿಂದೆ ಪೋಸ್ಟ್‌ಮ್ಯಾನ್ ಮನಿ ಆರ್ಡರ್ ತರುತ್ತಿದ್ದ. ಈಗ ದುಡ್ಡು ಆಧಾರ್ ಜೋಡಿಸಿದ ಖಾತೆಗೆ ನೇರ ಬೀಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಆಧಾರ್ ಜೆರಾಕ್ಸ್ ಬ್ಯಾಂಕಿಗೆ ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಅಂದರೆ ಈ ಆಧಾರಿನ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ರಾಷ್ಟ್ರೀಯ ಪಾವತಿ ನಿಗಮದ ಲೆಕ್ಕದಲ್ಲಿ ದಾಖಲಾಗಿರಬೇಕು. ಒಂದು ಆಧಾರಿಗೆ ಒಂದೇ ಖಾತೆ ಮ್ಯಾಪ್ ಆಗುತ್ತದೆ, ಕೊನೆಗೆ ಜೋಡಿಸಿದ್ದೇ ಉಳಿಯುತ್ತದೆ. ಚಿಕ್ಕಪ್ಪನಿಗೆ ವೇತನ ಶುರುವಾಗಿ ಎರಡು ತಿಂಗಳು ಬಂತು, ಮೂರನೆಯ ತಿಂಗಳಿಂದ ನಿಂತಿತು. ನಿಂತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಊರಿಗೆ ಬಂದ ಏಜೆಂಟನೊಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೊಂದು ಖಾತೆ ತೆರೆದಿದ್ದ. ದುಡ್ಡು ಅಲ್ಲಿ ಹೋಗಿ ಕೂತಿತ್ತು. ಮೈ ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್' ನೋಡಿದರೆ ಯಾವ ಬ್ಯಾಂಕು ಅಂತ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಅರ್ಜಿ ಹಾಕುವ ಮೊದಲೇ ನೋಡಿಬಿಡಿ.

ಹೆಸರೂ ಅಷ್ಟೇ. ಆಧಾರಿನಲ್ಲಿ ಯಲ್ಲಪ್ಪ, ಪಾಸ್‌ಬುಕ್‌ನಲ್ಲಿ ಎಲ್ಲಪ್ಪ, ಯುಡಿಐಡಿಯಲ್ಲಿ ಇನಿಷಿಯಲ್ ಹಿಂದೆ, ರೇಷನ್ ಕಾರ್ಡಿನಲ್ಲಿ ಮುಂದೆ. ನಮಗೆ ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ನಾಲ್ಕು ಜನ. ಆಧಾರನ್ನು ಮೊದಲು ಸರಿ ಮಾಡಿಸಿ, ಉಳಿದವನ್ನು ಅದಕ್ಕೆ ಹೊಂದಿಸಿ.

ಈಗ ಅರ್ಜಿ

ಇಷ್ಟಾದ ಮೇಲೆ ಅರ್ಜಿ ಹಾಕುವುದು ಅರ್ಧ ಗಂಟೆಯ ಕೆಲಸ. ನಾಡಕಚೇರಿಯಲ್ಲೇ ಹಾಕಬಹುದು. ಯುಡಿಐಡಿ, ಆಧಾರ್, ಆದಾಯ ಪತ್ರ, ರೇಷನ್ ಕಾರ್ಡ್, ಪಾಸ್‌ಬುಕ್, ಫೋಟೊ ಒಯ್ಯಿರಿ. ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ, ಅದಿಲ್ಲದೆ ಮನೆಗೆ ಬರಬೇಡಿ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ, ರಾಜಸ್ವ ನಿರೀಕ್ಷಕರು ಪರಿಶೀಲಿಸುತ್ತಾರೆ. ಕಡತ ಮೇಲೆ ಹೋಗಿ ಮಂಜೂರಾತಿ ಆದೇಶ ಬರುತ್ತದೆ. ಅದರ ಪ್ರತಿ ಇಟ್ಟುಕೊಳ್ಳಿ.

ಬೇರೆ ಸಾಮಾಜಿಕ ಭದ್ರತಾ ವೇತನ ಬರುತ್ತಿದ್ದರೆ ಇದು ಸಿಗುವುದಿಲ್ಲ. ಅಂಗವಿಕಲೆಯಾದ ವಿಧವೆ ಎರಡರಲ್ಲಿ ಒಂದನ್ನು ಆರಿಸಬೇಕು. ಶೇ 75 ಇದ್ದರೆ ಅಂಗವಿಕಲ ವೇತನವೇ ಲಾಭ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಪ್ರತ್ಯೇಕ ಮಾಸಾಶನ ಇದೆ. ಅದು ಶೇ 25ರಿಂದಲೇ ಶುರು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರು ಅದನ್ನೇ ಮೊದಲು ವಿಚಾರಿಸಿ. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರಿಗೆ ಕೇರಳದ ಪಿಂಚಣಿ. ಯುಡಿಐಡಿ ದೇಶಕ್ಕೆಲ್ಲ ಒಂದೇ, ವೇತನ ಮಾತ್ರ ಆಯಾ ರಾಜ್ಯದ್ದು.

ತಿರಸ್ಕಾರವಾದರೆ, ನಿಂತುಹೋದರೆ

'ಆಗಲ್ಲ ಹೋಗಿ' ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಹಿಂಬರಹ ಕೊಡಿ ಅನ್ನಿ. ಕಾರಣ ಬರೆದು ಸಹಿ ಮಾಡಿದ ಹಿಂಬರಹ ಕೈಯಲ್ಲಿದ್ದರೆ ಏನು ಸರಿ ಮಾಡಬೇಕು ಅಂತ ಗೊತ್ತಾಗುತ್ತದೆ, ಉಪವಿಭಾಗಾಧಿಕಾರಿಗೆ ಮೇಲ್ಮನವಿಯನ್ನೂ ಹಾಕಬಹುದು. ಹಿಂಬರಹ ಎಂಬ ಪದ ಬಾಯಿಂದ ಬಂದ ಕೂಡಲೇ ಕೆಲವು ಕಡೆ ಕೆಲಸವೇ ಆಗಿಬಿಡುತ್ತದೆ, ಅದು ಬೇರೆ ಮಾತು. ತಾಲ್ಲೂಕುಗಳಲ್ಲಿ ಆಗಾಗ ಪಿಂಚಣಿ ಅದಾಲತ್ ನಡೆಯುತ್ತದೆ, ಅಲ್ಲಿ ಅಧಿಕಾರಿಗಳು ಎದುರಿಗೇ ಸಿಗುತ್ತಾರೆ.

ಮಂಜೂರಾದವರನ್ನೂ ಆಗಾಗ ಪರಿಶೀಲಿಸುತ್ತಾರೆ. ಬದುಕಿದ್ದಾರಾ, ಅದೇ ವಿಳಾಸದಲ್ಲಿದ್ದಾರಾ ಅಂತ. ಬೆಂಗಳೂರಿಗೆ ದುಡಿಯಲು ಹೋದವರ ಮನೆಗೆ ಬೀಗ ಹಾಕಿದ್ದರೆ 'ವಿಳಾಸದಲ್ಲಿ ಇಲ್ಲ' ಅಂತ ಬರೆದುಬಿಡುತ್ತಾರೆ. ಊರು ಬಿಡುವ ಮೊದಲು ವಿಎಗೆ ಹೇಳಿ, ಮೊಬೈಲ್ ನಂಬರ್ ಕೊಟ್ಟು ಹೋಗಿ. ಚಿಕ್ಕಪ್ಪ ಈಗ ಪ್ರತಿ ತಿಂಗಳು ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸುತ್ತಾರೆ. ಎರಡು ತಿಂಗಳು ಸತತವಾಗಿ ಬರಲಿಲ್ಲವೆಂದರೆ ಮೊದಲು ಮ್ಯಾಪಿಂಗ್ ನೋಡುತ್ತಾರೆ, ಅದು ಸರಿಯಿದ್ದರೆ ಮಂಜೂರಾತಿ ಆದೇಶ ಹಿಡಿದು ನಾಡಕಚೇರಿಗೆ ಹೋಗುತ್ತಾರೆ.