ಪಾರ್ಕ್ ನೋಡಿ ಹೆಣೆದ ಪಟ್ಟೆ ಕೌಲ್

ಪಾರ್ಕಿನಲ್ಲಿ ಗೆರೆಗಳು ಎರಡು ಥರ. ಕಾಲುದಾರಿ, ಕೊಳದ ಕಟ್ಟೆ, ಕತ್ತರಿಸಿದ ಗಿಡದ ಬೇಲಿ, ಹಿಂದೆ ಕಾಣುವ ಕಟ್ಟಡಗಳು ಇವೆಲ್ಲ ಮನುಷ್ಯ ಎಳೆದ ಗೆರೆಗಳು, ನೇರವಾಗಿರುತ್ತವೆ. ಹುಲ್ಲು ಮಣ್ಣಿಗೆ ತಾಗುವ ಕಡೆ, ಮರಗಳ ತಲೆಯ ಹತ್ತಿರ ಗೆರೆ ಅಂಕುಡೊಂಕು. ಊರ ನಡುವಿನ ಪಾರ್ಕು ಕಾಡಿನ ಹಾಗೆ ಕಾಣದಿರುವುದು ಇದರಿಂದಲೇ, ಅಲ್ವಾ? ಈ ಕೌಲ್ ಹೆಣೆಯುವಾಗ ಬಣ್ಣಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಈ ಗೆರೆಗಳ ಬಗ್ಗೆ.

ಕೌಲ್ ಅಂದರೆ ಎರಡು ತುದಿ ಸೇರಿಸಿದ ಮಫ್ಲರ್, ಅಷ್ಟೇ. ಸರ್ಕ್ಯುಲರ್ ಕಡ್ಡಿಯಲ್ಲಿ (ಬಾಗುವ ದಾರದಿಂದ ಜೋಡಿಸಿದ ಎರಡು ಕಡ್ಡಿ) ಸುತ್ತುಸುತ್ತಾಗಿ ಹೆಣೆದರೆ ಕೊನೆಗೆ ಹೊಲಿಯುವ ಕೆಲಸವೂ ಇಲ್ಲ. ನಾನು ತೆಗೆದುಕೊಂಡಿದ್ದು ಡಿಕೆ ದಪ್ಪದ (ತೀರ ತೆಳುವೂ ಅಲ್ಲ, ತೀರ ದಪ್ಪವೂ ಅಲ್ಲ) ಉಣ್ಣೆ ನೂಲು, 4 ಮಿ.ಮೀ. ಕಡ್ಡಿ. ನನ್ನ ಕೈಯಲ್ಲಿ 10 ಸೆಂ.ಮೀ. ಅಗಲಕ್ಕೆ 22 ಸ್ಟಿಚ್ (ಕಡ್ಡಿಯ ಮೇಲಿನ ಒಂದೊಂದು ಕುಣಿಕೆ), ಅಷ್ಟೇ ಎತ್ತರಕ್ಕೆ 30 ಸುತ್ತು ಬರುತ್ತದೆ. 60 ಸೆಂ.ಮೀ. ಸುತ್ತಳತೆಗೆ 132 ಸ್ಟಿಚ್ ಹಾಕಿದೆ. ನಿಟ್ ಅಂದರೆ ಮುಂದೆ ನಯವಾಗಿ ಕಾಣುವ ಸಾದಾ ಹೆಣಿಗೆ, ಪರ್ಲ್ ಅಂದರೆ ಅದರ ತಿರುವು, ಉಬ್ಬು ಮುಂದೆ ಬರುತ್ತದೆ; ಇವೆರಡೂ ಸರದಿಯಲ್ಲಿ ಬರುವ, ಹಿಗ್ಗುವ ಅಂಚೇ ರಿಬ್ಬು. ಎರಡು ನಿಟ್, ಎರಡು ಪರ್ಲ್ ರಿಬ್ಬಿಗೆ ಸ್ಟಿಚ್ಚಿನ ಸಂಖ್ಯೆ 4ರಿಂದ ಭಾಗವಾಗಬೇಕು, 132 ಆಗುತ್ತದೆ. ಕಡ್ಡಿಯ ಉದ್ದ ಹೆಣಿಗೆಯ ಸುತ್ತಳತೆಗಿಂತ ಕಡಿಮೆ ಇರಬೇಕು, ಇಲ್ಲವಾದರೆ ಸ್ಟಿಚ್ಚುಗಳು ಎಳೆದುಕೊಳ್ಳುತ್ತವೆ. ಇದಕ್ಕೆ 40 ಸೆಂ.ಮೀ. ಕಡ್ಡಿ ಸಾಕು.

ಮೊದಲು ಪಾರ್ಕಿನ ಒಂದು ಫೋಟೊ ತೆಗೆದು ಅದನ್ನು ಕಪ್ಪುಬಿಳುಪು ಮಾಡಿಕೊಂಡೆ. ಆರಿಸಿಟ್ಟ ನೂಲಿನ ಉಂಡೆಗಳನ್ನು ಸಾಲಾಗಿ ಇಟ್ಟು ಅದನ್ನೂ ಹಾಗೇ ನೋಡಿದೆ. ಪಟ್ಟೆ ಎದ್ದು ಕಾಣುವುದು ಬಣ್ಣ ಬೇರೆ ಅನ್ನುವುದಕ್ಕಿಂತ ಒಂದು ಗಾಢ, ಇನ್ನೊಂದು ತಿಳಿ ಅನ್ನುವುದರಿಂದ. ಕಣ್ಣಿಗೆ ಬೇರೆಬೇರೆ ಅನ್ನಿಸುವ ಹಸಿರು ಮತ್ತು ಬೂದು ಕಪ್ಪುಬಿಳುಪಿನಲ್ಲಿ ಒಂದೇ ಥರ ಕಂಡರೆ, ಹೆಣೆದ ಮೇಲೆ ದೂರದಿಂದಲೂ ಒಂದೇ ಥರ ಕಾಣುತ್ತವೆ. ಪಾರ್ಕಿನಲ್ಲೂ ದೂರ ಹೋದಷ್ಟು ಎಲ್ಲ ತಿಳಿಯಾಗುತ್ತದೆ. ಅದಕ್ಕೇ ಹತ್ತಿರದ ಬೇಲಿಗೆ ಕಡುಹಸಿರು, ಮರಕ್ಕೆ ನಡುಹಸಿರು, ಕಟ್ಟಡಕ್ಕೆ ತಿಳಿ ಬೂದು, ಆಕಾಶಕ್ಕೆ ಎಲ್ಲಕ್ಕಿಂತ ತಿಳಿಯಾದ ನೀಲಿ.

ಕೆಳಗಿನಿಂದ ಮೇಲಕ್ಕೆ ಲೆಕ್ಕ ಹೀಗಿದೆ: ಮಣ್ಣಿನ ಕಂದು ರಿಬ್ಬು 6 ಸುತ್ತು, ಎಳೆಹಸಿರು ಹುಲ್ಲು 12, ಮರಳುಬಣ್ಣದ ಕಾಲುದಾರಿ 4, ಮತ್ತೆ ಹುಲ್ಲು 4, ಕೊಳ 8, ಬೇಲಿ 6, ಮರ 14, ಕಟ್ಟಡ 4, ಆಕಾಶ 14, ಕೊನೆಗೆ ಆಕಾಶದ ಬಣ್ಣದಲ್ಲೇ ರಿಬ್ಬು 6. ಒಟ್ಟು 78 ಸುತ್ತು, ಸುಮಾರು 26 ಸೆಂ.ಮೀ. ಎತ್ತರ. ಪಟ್ಟೆಗಳೆಲ್ಲ ಒಂದೇ ಅಗಲ ಇದ್ದರೆ ಅದು ಬರೀ ಪಟ್ಟೆ, ನೋಟ ಅನ್ನಿಸುವುದಿಲ್ಲ. ಎರಡೂ ತುದಿಗೆ ರಿಬ್ಬು ಬೇಕೇ ಬೇಕು. ಬರೀ ನಿಟ್ ಹೆಣೆದರೆ ಅಂಚು ಸುರುಳಿಯಾಗುತ್ತದೆ.

ಈಗ ಗೆರೆಯ ವಿಷಯ. ಹೊಸ ಬಣ್ಣದ ಮೊದಲ ಸುತ್ತನ್ನು ನಿಟ್ ಮಾಡಿದರೆ ಎರಡು ಬಣ್ಣದ ನಡುವೆ ಗೆರೆ ಚೊಕ್ಕವಾಗಿ ಬರುತ್ತದೆ. ಅದೇ ಸುತ್ತನ್ನು ಪರ್ಲ್ ಮಾಡಿದರೆ ಹಳೇ ಬಣ್ಣದ ಕುಣಿಕೆಗಳು ಮುಂದೆ ಬಂದು ಹೊಸ ಬಣ್ಣದ ನಡುವೆ ಇಣುಕುತ್ತವೆ. ಪಟ್ಟೆ ಹೆಣೆಯುವವರು ಸಾಮಾನ್ಯವಾಗಿ ಇದನ್ನು ತಪ್ಪಿಸುತ್ತಾರೆ. ನನಗೆ ಬೇಕಾಗಿದ್ದು ಅದೇ. ಮಣ್ಣಿನಿಂದ ಹುಲ್ಲಿಗೆ ಹೋಗುವಾಗ ಪರ್ಲ್, ಮರದಿಂದ ಕಟ್ಟಡಕ್ಕೆ ಪರ್ಲ್. ಕಾಲುದಾರಿಯ ಈ ಕಡೆ ಅಂಚಿಗೆ ನಿಟ್, ಆ ಕಡೆಗೆ ಪರ್ಲ್, ಯಾಕೆಂದರೆ ಒಂದು ಬದಿಯಲ್ಲಾದರೂ ಹುಲ್ಲು ದಾರಿಗೆ ನುಗ್ಗಿರುತ್ತದೆ. ಉಳಿದದ್ದೆಲ್ಲ ನಿಟ್.

ಸುತ್ತಾಗಿ ಹೆಣೆಯುವುದು ನಿಜವಾಗಿ ಸುರುಳಿ. ಆದ್ದರಿಂದ ಬಣ್ಣ ಬದಲಾಯಿಸಿದ ಕಡೆ ಒಂದು ಮೆಟ್ಟಿಲು ಕಾಣುತ್ತದೆ. ನೇರ ಗೆರೆಯಲ್ಲಿ ಅದು ಚುಚ್ಚುತ್ತದೆ. ಹೊಸ ಬಣ್ಣದ ಮೊದಲ ಸುತ್ತು ಮುಗಿದ ಮೇಲೆ, ಮುಂದಿನ ಸ್ಟಿಚ್ಚಿನ ಕೆಳಗಿರುವ ಹಳೇ ಬಣ್ಣದ ಸ್ಟಿಚ್ಚಿನ ಬಲಗಾಲನ್ನು (V ಆಕಾರದ ಬಲಬದಿಯ ಎಳೆಯನ್ನು) ಎಡಗಡ್ಡಿಗೆ ಎತ್ತಿ, ಎರಡನ್ನೂ ಸೇರಿಸಿ ನಿಟ್ ಮಾಡಿದರೆ ಮೆಟ್ಟಿಲು ಬಹುಪಾಲು ಮರೆಯಾಗುತ್ತದೆ. ಪರ್ಲ್ ಗೆರೆಗಳಲ್ಲಿ ಈ ಕಷ್ಟವೇ ಬೇಡ, ಕುಣಿಕೆಗಳ ಗದ್ದಲದಲ್ಲಿ ಅದು ಅಡಗಿಹೋಗುತ್ತದೆ.

ಕೊಳಕ್ಕೆ ನಾನು ಬೇರೆ ಬಣ್ಣ ಹುಡುಕಲಿಲ್ಲ. ನೀರಿನಲ್ಲಿ ಕಾಣುವುದು ಮರ ಮತ್ತು ಆಕಾಶ ತಾನೇ? ಅವೆರಡರದೇ ನೂಲು, ಒಂದೊಂದು ಸುತ್ತು. ಒಂದು ಬಣ್ಣದಲ್ಲಿ ಹೆಣೆಯುತ್ತ, ಇನ್ನೊಂದು ಬಣ್ಣದ ನೂಲು ನೇತಾಡುವ ಜಾಗಕ್ಕೆ 3 ಸ್ಟಿಚ್ ಮೊದಲೇ ನಿಲ್ಲಿಸಬೇಕು. ಆ 3 ಸ್ಟಿಚ್ಚುಗಳನ್ನು ಹೆಣೆಯದೆ ಬಲಗಡ್ಡಿಗೆ ದಾಟಿಸಿ, ಆ ನೂಲನ್ನು ಎತ್ತಿಕೊಂಡು ಮುಂದುವರಿಯಬೇಕು. ಎರಡು ಬಣ್ಣಗಳೂ ಒಂದರ ಹಿಂದೆ ಒಂದು ಸುರುಳಿಯಾಗಿ ಏರುತ್ತವೆ, ಮೆಟ್ಟಿಲೇ ಇರುವುದಿಲ್ಲ. ನೂಲನ್ನು ಬಿಗಿಯಾಗಿ ಎಳೆಯಬಾರದು, ಅಷ್ಟೇ. ಇಡೀ ಕೌಲಿನಲ್ಲಿ ನನಗೆ ತುಂಬಾ ಖುಷಿ ಕೊಟ್ಟ 8 ಸುತ್ತು ಇದು.

4 ಸುತ್ತಿನ ಪಟ್ಟೆ ದಾಟುವಾಗ ನೂಲು ಕತ್ತರಿಸಲಿಲ್ಲ, ಒಳಬದಿಯಲ್ಲೇ ಮೇಲಕ್ಕೆ ಒಯ್ದೆ. ಉದ್ದದ ಪಟ್ಟೆಗಳಲ್ಲಿ ಕತ್ತರಿಸಿ, ಪ್ರತಿ ತುದಿಯನ್ನೂ ಅದರದೇ ಬಣ್ಣದ ಪಟ್ಟೆಯ ಹಿಂದೆ ಸೇರಿಸಿದೆ. ಬೇಜಾರಿನ ಕೆಲಸ. ಮುಗಿಸುವ ಸುತ್ತಿಗೆ 5 ಮಿ.ಮೀ. ಕಡ್ಡಿ ಹಿಡಿದೆ, ಇಲ್ಲವಾದರೆ ಅಂಚು ಬಿಗಿಯಾಗಿ ತಲೆ ತೂರಿಸುವಾಗ ಒದ್ದಾಡಬೇಕು.

ನೆನೆಸುವ ಮುಂಚೆ ಕಡುಹಸಿರು ನೂಲನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿದೆ. ಬಣ್ಣ ಬಿಟ್ಟರೆ ಪಕ್ಕದ ತಿಳಿ ಪಟ್ಟೆಗಳ ಕಥೆ ಮುಗಿಯಿತು. ಆಮೇಲೆ ತಣ್ಣೀರಿನಲ್ಲಿ ನೆನೆಸಿ, ಟವಲಿನಲ್ಲಿ ಸುತ್ತಿ ಒತ್ತಿ, ಮಟ್ಟಸವಾಗಿ ಹಾಸಿ ಒಣಗಿಸಿದೆ. ಹಿಂಡಬೇಡಿ, ನೇತುಹಾಕಬೇಡಿ. ಒದ್ದೆ ಉಣ್ಣೆ ತನ್ನ ಭಾರಕ್ಕೇ ಜಗ್ಗುತ್ತದೆ.

ಕತ್ತಿಗೆ ಹಾಕಿದಾಗ ಕೌಲ್ ಕುಸಿದು ಮಡಿಕೆ ಬೀಳುತ್ತದೆ. ಕೊಳ ಕಾಣೆಯಾಗಿ ಹುಲ್ಲಿನ ಪಕ್ಕದಲ್ಲೇ ಆಕಾಶ ಬಂದು ಕೂರಬಹುದು. ಅದಕ್ಕೇ ಮರದ ಆಕಾರ, ಹಕ್ಕಿ, ಬೆಂಚು ಅಂತೆಲ್ಲ ಚಿತ್ರ ಹೆಣೆಯುವ ಯೋಚನೆ ಬಿಟ್ಟೆ. ಪಟ್ಟೆ ಎಲ್ಲಿ ಮಡಿಸಿದರೂ ಪಟ್ಟೆಯೇ. ಎಲೆ ಉದುರುವ ಕಾಲದ ಪಾರ್ಕು ಬೇಕಿದ್ದರೆ ಎಳೆಹಸಿರಿನ ಜಾಗಕ್ಕೆ ಒಣಹುಲ್ಲಿನ ಹಳದಿ, ಮರದ ಜಾಗಕ್ಕೆ ತುಕ್ಕಿನ ಕೆಂಪು ಹಾಕಿ. ಕೊಳದಲ್ಲೂ ಆ ಕೆಂಪೇ ಬರುತ್ತದೆ, ಲೆಕ್ಕ ಬದಲಾಯಿಸುವುದು ಬೇಡ.