ಇಟಾಲಿಯನ್ ಕಲಿಯಲು ಹತ್ತು ಆ್ಯಪ್ ಯಾಕೆ? ಎರಡು ನಿಮಿಷದ ಆಡಿಯೊ ಹಿಡಿಯಿರಿ

ಇಟಾಲಿಯನ್ ಕಲಿಯುತ್ತೇನೆ ಅಂತ ಹೊರಟು ಅರ್ಧದಲ್ಲಿ ನಿಂತವರ ಫೋನ್ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ನಾಲ್ಕೈದು ಆ್ಯಪ್, ಒಮ್ಮೆಯೂ ತೆರೆಯದ ಪಿಡಿಎಫ್‌ಗಳು, ಆಮೇಲೆ ನೋಡೋಣ ಅಂತ ಇಟ್ಟುಕೊಂಡ ವಿಡಿಯೊಗಳ ಉದ್ದ ಪಟ್ಟಿ. ಮಿಲಾನ್‌ಗೋ ತೊರಿನೊಗೋ ಓದಲು ಹೊರಟ ಹುಡುಗರು, ಒಪೆರಾ ಹುಚ್ಚಿನವರು, ಸುಮ್ನೆ ಆಸೆಗೆ ಕಲಿಯುವವರು, ಎಲ್ಲರದ್ದೂ ಇದೇ ಪಾಡು. ಹುಡುಕುವುದರಲ್ಲೇ ಉತ್ಸಾಹ ಮುಗಿದಿರುತ್ತದೆ.

ಹೆಜ್ಜೆ 1: ಒಂದು ಕೋರ್ಸ್, ಒಂದು ನಿಘಂಟು

ಎಡೆಕ್ಸ್ ತಾಣದಲ್ಲಿ ಅಮೆರಿಕದ ವೆಲ್ಸ್‌ಲಿ ಕಾಲೇಜಿನ ಇಟಾಲಿಯನ್ ಕೋರ್ಸ್ ಇದೆ. ಮೇಷ್ಟ್ರು ಬೇಕೇ ಬೇಕು ಅನ್ನುವವರಿಗೆ ದೆಹಲಿ ಮತ್ತು ಮುಂಬೈಯಲ್ಲಿ ಇಟಲಿ ಸರ್ಕಾರದ ಸಂಸ್ಕೃತಿ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ಎರಡರಲ್ಲಿ ಒಂದನ್ನು ಹಿಡಿಯಿರಿ, ಸಾಕು. ಡ್ಯುಯೊಲಿಂಗೊ ಆ್ಯಪ್ ಮೊದಲ ಕೆಲವು ವಾರಕ್ಕೆ ಪರವಾಗಿಲ್ಲ. ಆಮೇಲೆ ದಿನದ ಲೆಕ್ಕ ತಪ್ಪಬಾರದು ಅಂತ ಆಡುವ ಆಟವಾಗಿಬಿಡುತ್ತದೆ. ನಿಘಂಟಿಗೆ ವರ್ಡ್‌ರೆಫರೆನ್ಸ್ ಸಾಕು. ಸ್ವಲ್ಪ ಪಳಗಿದ ಮೇಲೆ ಇಟಾಲಿಯನ್‌ನಲ್ಲೇ ಅರ್ಥ ಕೊಡುವ ತ್ರೆಕ್ಕಾನಿಗೆ ಹೋಗಿ. ಎರಡೂ ಪುಕ್ಕಟೆ.

ಕೊಳ್ಳಬಾರದ್ದು ಒಂದಿದೆ: 'ಮೂವತ್ತು ದಿನಗಳಲ್ಲಿ ಇಟಾಲಿಯನ್' ಥರದ ಪುಸ್ತಕಗಳು. ಅವು ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡುತ್ತವೆ. ಇಂಗ್ಲಿಷ್‌ನಲ್ಲಿ ನಮ್ಮ ತ, ದ ಇಲ್ಲ, ಒತ್ತಕ್ಷರದ ಬಿಗಿ ಇಲ್ಲ. ಇಟಾಲಿಯನ್‌ನಲ್ಲಿ ಎರಡೂ ಇವೆ. ಹಾಗಾಗಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. 'ನೊನೊ' ಅಂದರೆ ಒಂಬತ್ತನೆಯದು, 'ನೊನ್ನೊ' ಅಂದರೆ ಅಜ್ಜ. ವರ್ಷಕ್ಕೆ 'ಅನ್ನೊ' ಅನ್ನುತ್ತಾರೆ. ಅದರ ಒತ್ತು ನುಂಗಿದರೆ ನಾಲ್ಕು ಜನರ ಮುಂದೆ ಹೇಳಬಾರದ ಜಾಗದ ಹೆಸರಾಗುತ್ತದೆ. ವಯಸ್ಸು ಹೇಳುವಾಗ ಹುಷಾರು.

ಹೆಜ್ಜೆ 2: ಕಿವಿ ಪಳಗಿಸುವುದು

ಜಾಸ್ತಿ ಜನ ಕೆಡಿಸಿಕೊಳ್ಳುವುದು ಇಲ್ಲೇ. ಆ್ಯಪ್‌ನಲ್ಲಿ ಎಲ್ಲ ಅರ್ಥವಾಗುತ್ತಿತ್ತು, ಇಟಲಿಯವರು ಬಾಯಿ ತೆರೆದರೆ ಒಂದು ಪದವೂ ಸಿಗುತ್ತಿಲ್ಲ. ಆಗ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡಲು ಕೂರುತ್ತಾರೆ. ಎರಡು ಗಂಟೆ ಇಂಗ್ಲಿಷ್ ಓದಿ ಏಳುತ್ತಾರೆ, ಅಷ್ಟೇ.

ಮೊದಲು ಸರಿಯಾದ ಆಡಿಯೊ ಆರಿಸಿ. ಅದು ಎರಡು ನಿಮಿಷ ಮೀರಬಾರದು. ಮಾತಿನ ಅಕ್ಷರಶಃ ಬರಹರೂಪ ಜೊತೆಗಿರಬೇಕು. ಮೂಲದಲ್ಲೇ ಇಟಾಲಿಯನ್ ಆಗಿರಬೇಕು. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಹಾಲಿವುಡ್ ಚಿತ್ರವನ್ನು ಇಟಾಲಿಯನ್ ಡಬ್ಬಿಂಗ್‌ನಲ್ಲಿ ಹಾಕಿ, ಇಟಾಲಿಯನ್ ಸಬ್‌ಟೈಟಲ್ಲೂ ಹಾಕಿಕೊಂಡರೆ ಬಹಳ ಸಲ ಎರಡೂ ಹೊಂದುವುದಿಲ್ಲ. ಡಬ್ಬಿಂಗ್‌ನ ಅನುವಾದವೇ ಬೇರೆ, ಸಬ್‌ಟೈಟಲ್‌ನ ಅನುವಾದವೇ ಬೇರೆ. ಕೇಳಿದ್ದೊಂದು, ಓದಿದ್ದೊಂದು. ಕಲಿಯುವವರು ತಮ್ಮ ಕಿವಿಯನ್ನೇ ಬೈದುಕೊಳ್ಳುತ್ತಾರೆ, ಪಾಪ.

ಪೊಡ್‌ಕ್ಯಾಸ್ಟ್ ಇತಾಲಿಯಾನೊ ತನ್ನ ತಾಣದಲ್ಲಿ ಬರಹರೂಪವನ್ನೂ ಕೊಡುತ್ತದೆ. ಸಿಯೆನಾ ಮತ್ತು ಪೆರೂಜಾದಲ್ಲಿ ವಿದೇಶಿಯರಿಗೆಂದೇ ಇರುವ ವಿಶ್ವವಿದ್ಯಾಲಯಗಳು ತಮ್ಮ ಪರೀಕ್ಷೆಗಳ ಮಾದರಿ ಪ್ರಶ್ನೆಪತ್ರಿಕೆಗಳನ್ನು ಆಡಿಯೊ ಸಮೇತ ಹಾಕಿವೆ. ಪರೀಕ್ಷೆ ಕಟ್ಟದವರೂ ಬಳಸಬಹುದು, ಮಟ್ಟ ನೋಡಿ ಆರಿಸಿಕೊಳ್ಳಲು ಸುಲಭ. ಯೂಟ್ಯೂಬ್‌ನ ಈಸಿ ಇಟಾಲಿಯನ್‌ನಲ್ಲಿ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಪರದೆಯ ಮೇಲೆ ಇಟಾಲಿಯನ್ ಸಾಲು, ಅದರ ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ. ಇಂಗ್ಲಿಷ್ ಸಾಲಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿಬಿಡಿ. ತಮಾಷೆಗೆ ಹೇಳುತ್ತಿಲ್ಲ. ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಈಗ ಕೆಲಸ. ಬರಹ ನೋಡದೆ ಎರಡು ಸಲ ಕೇಳಿ. ಮೂರನೇ ಸಲ ವಾಕ್ಯ ವಾಕ್ಯಕ್ಕೂ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಅರ್ಥದ ಚಿಂತೆ ಬೇಡ. ಹೆಂಗಸೊಬ್ಬರು ಹೀಗೆ ಹೇಳುತ್ತಾರೆ ಅಂತಿಟ್ಟುಕೊಳ್ಳಿ: 'ಯೇರಿ ಸೊನೊ ಅಂದಾತ ಅಲ್ ಮೆರ್ಕಾತೊ, ಓ ಕೊಂಪ್ರಾತೊ ದುಎತ್ತಿ ದಿ ಫೊರ್ಮಾಜ್ಜೊ.' ನಿನ್ನೆ ಮಾರ್ಕೆಟ್‌ಗೆ ಹೋಗಿದ್ದೆ, ಏನೋ ಚೀಸ್ ಕೊಂಡೆ, ಇಲ್ಲಿಯವರೆಗೆ ಸಿಕ್ಕಿತು. ಆದರೆ ಈ 'ದುಎತ್ತಿ' ಏನು? ನಿಘಂಟಿನಲ್ಲಿ ಹುಡುಕಿದರೆ 'ಯುಗಳ ಗೀತೆಗಳು' ಅಂತ ಬರುತ್ತದೆ! ಬರಹ ತೆರೆದರೆ ಗುಟ್ಟು ರಟ್ಟು. ಅದು 'ದುಎ ಎತ್ತಿ', ಎರಡು ಪದ. ಎತ್ತೊ ಅಂದರೆ 100 ಗ್ರಾಂ. ಇಟಲಿಯ ಅಂಗಡಿಗಳಲ್ಲಿ ಚೀಸನ್ನು ಕೇಳುವುದೇ ಈ ಲೆಕ್ಕದಲ್ಲಿ. ಮಾತಿನ ಓಟದಲ್ಲಿ ಎರಡೂ 'ಎ'ಗಳು ಕೂಡಿಕೊಂಡಿವೆ, ನಮ್ಮ ಸಂಧಿಯಲ್ಲಿ ಆಗುವಂತೆ. ಹೀಗೆ ಕೂಡಿಕೊಂಡ ಜಾಗಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ನಾಲ್ಕಾರು ಆಡಿಯೊ ಆದ ಮೇಲೆ ಅವೇ ಜಾಗಗಳು ಮತ್ತೆ ಮತ್ತೆ ಬರುವುದು ಕಾಣುತ್ತದೆ.

ಎರಡನೆಯ ಗೆರೆ ಸ್ವರಭಾರಕ್ಕೆ. ಇಟಾಲಿಯನ್ ಬರಹದಲ್ಲಿ ಒತ್ತಿ ಹೇಳುವ ಜಾಗವನ್ನು ಸಾಮಾನ್ಯವಾಗಿ ಪದದ ಕೊನೆಯಲ್ಲಿ ಬಂದಾಗ ಮಾತ್ರ ತೋರಿಸುತ್ತಾರೆ. ಉಳಿದದ್ದು ಕಿವಿಯಿಂದಲೇ ಬರಬೇಕು. 'ಅವರು ವಾಸಿಸುತ್ತಾರೆ' ಅನ್ನಲು 'ಆಬಿತನೊ' ಅನ್ನಬೇಕು, ಮೊದಲಕ್ಷರಕ್ಕೆ ಭಾರ. ಓದಿ ಕಲಿತವರು 'ಅಬಿತಾನೊ' ಅಂತ ಎಳೆಯುತ್ತಾರೆ. ಅನುಮಾನ ಬಂದರೆ ವರ್ಡ್‌ರೆಫರೆನ್ಸ್‌ನಲ್ಲಿ ಆಡಿಯೊ ಒತ್ತಿ ಕೇಳಿ, ಅಲ್ಲಿ ಸಿಗದ ಪದಕ್ಕೆ ಫೋರ್ವೊ ಅನ್ನುವ ಉಚ್ಚಾರಣೆ ತಾಣ ನೋಡಿ.

ಕೊನೆಗೆ ಆಡಿಯೊ ಜೊತೆ ಜೊತೆಗೇ ಜೋರಾಗಿ ಹೇಳಿ, ನಾಲಿಗೆ ತೊಡರದಷ್ಟು ಸಲ. ಒಂದು ಆಡಿಯೊಗೆ ಒಂದು ವಾರ ಹಿಡಿದರೂ ಸರಿ. ವೇಗವನ್ನು 0.75ಕ್ಕೆ ಇಳಿಸಬಹುದು. 0.5 ಮಾತ್ರ ಬೇಡ, ಕುಡಿದವರ ಮಾತಿನಂತೆ ಕೇಳುತ್ತದೆ.

ಅರ್ಥವನ್ನೂ ಕನ್ನಡದಲ್ಲೇ ಬರೆದುಕೊಳ್ಳಿ. 'ಮಿ ಪ್ಯಾಚೆ ಇಲ್ ಕಫ್ಫೆ' ಅನ್ನುವುದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ಒದ್ದಾಡುತ್ತವೆ. ನಮಗೆ 'ನನಗೆ ಕಾಫಿ ಇಷ್ಟ' ಅಂದರೆ ಮುಗಿಯಿತು. 'ಮಿ' ಅಂದರೆ ನನಗೆ.

ಹೆಜ್ಜೆ 3: ಮಜಾ

ನನ್ನ ಮೊದಲ ಆಯ್ಕೆ ಅಡುಗೆ. ಜಾಲ್ಲೊ ಜಫ್ಫೆರಾನೊ ಇಟಲಿಯ ದೊಡ್ಡ ಅಡುಗೆ ತಾಣ. ಕೈ ಮಾಡುವುದನ್ನೇ ಬಾಯಿ ಹೇಳುವುದರಿಂದ ಹೆಚ್ಚುವುದು, ಕಲಸುವುದು, ಬೇಯಿಸುವುದು ಎಲ್ಲ ತಾನಾಗಿ ತಲೆಗೆ ಹತ್ತುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಉಪ್ಪಿನ ಮುಂದೆ 'q.b.' ಅಂತ ಎರಡೇ ಅಕ್ಷರ ಕಂಡರೆ ಗಾಬರಿ ಬೇಡ, 'ಕ್ವಾಂತೊ ಬಾಸ್ತ' ಅಂತ ಬಿಡಿಸಿ ಓದಬೇಕು. ನಮ್ಮ 'ರುಚಿಗೆ ತಕ್ಕಷ್ಟು'.

ಕೇಳಲು ರಾಯ್‌ಪ್ಲೇ ಸೌಂಡ್. ರಾಯ್ ಅಂದರೆ ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ. ಅದರ ರೇಡಿಯೊ 3ರ 'ಅದ್ ಆಲ್ತ ವೋಚೆ'ಯಲ್ಲಿ ನಟನಟಿಯರು ಕಾದಂಬರಿಗಳನ್ನು ಓದುತ್ತಾರೆ, ಉಚ್ಚಾರ ಬಲು ಸ್ಪಷ್ಟ. ಅವರದ್ದೇ ವಿಡಿಯೊ ತಾಣವೂ ಇದೆ, ಆದರೆ ಅಲ್ಲಿಯ ಎಷ್ಟೋ ಕಾರ್ಯಕ್ರಮಗಳು ಇಟಲಿಯ ಹೊರಗೆ ತೆರೆಯುವುದಿಲ್ಲ.

ನೇಪಲ್ಸ್‌ನ ಗ್ಯಾಂಗ್ ಕಥೆಗಳ ಸೀರಿಯಲ್‌ಗಳನ್ನು ಸದ್ಯಕ್ಕೆ ಬಿಡಿ. ಅಲ್ಲಿನ ಮಾತು ಬೇರೆಯೇ, ಇಟಲಿಯವರೇ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಾರೆ. ಒಪೆರಾ ಕೇಳಿ, ಖುಷಿಪಡಿ, ಅಲ್ಲಿಂದ ಪದ ಎತ್ತಬೇಡಿ. ಅದನ್ನು ಅಂಗಡಿಯಲ್ಲಿ ಬಳಸಿದರೆ ಹಳಗನ್ನಡದಲ್ಲಿ ಬಸ್ ಟಿಕೆಟ್ ಕೇಳಿದ ಹಾಗಿರುತ್ತದೆ.

ಹೆಜ್ಜೆ 4: ಓದು

ಸುದ್ದಿಗೆ ಇಲ್ ಪೊಸ್ಟ್ ಓದಿ. ವಿಷಯವನ್ನು ಬಿಡಿಸಿ ಹೇಳುತ್ತದೆ. ಕಥೆ ಬೇಕೆಂದರೆ ಲಿಬೆರ್ ಲಿಬೆರ್ ತಾಣದಲ್ಲಿ ಹಳೆಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಮಕ್ಕಳ ಪುಸ್ತಕ ಸುಲಭ ಅಂತ ಎಲ್ಲರೂ ಪಿನೋಕ್ಯೊಗೆ ಕೈ ಹಾಕುತ್ತಾರೆ. ಅದು 1881ರಲ್ಲಿ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದದ್ದು. ಅಲ್ಲಿಯ ಭೂತಕಾಲದ ರೂಪವೇ ಬೇರೆ. ನೀವು ಕಲಿತದ್ದು 'ಎ ಅಂದಾತೊ', ಅಲ್ಲಿರುವುದು 'ಅಂದೋ'. ನಿಮ್ಮ ಕೋರ್ಸ್ ಆ ಪಾಠಕ್ಕೆ ಬರುವವರೆಗೆ ಮುಟ್ಟಬೇಡಿ.

ಹೆಜ್ಜೆ 5: ಪರೀಕ್ಷೆ, ಬೇಕಿದ್ದರೆ ಮಾತ್ರ

ಸಿಯೆನಾದ ಚಿಲ್ಸ್, ಪೆರೂಜಾದ ಚೆಲಿ, ದಾಂತೆ ಅಲಿಗ್ಯೇರಿ ಸಂಸ್ಥೆಯ ಪ್ಲೀದಾ, ಮೂರಕ್ಕೂ ಮಾನ್ಯತೆ ಇದೆ. ಫೀಸ್ ಕಟ್ಟುವ ಮೊದಲು ನೀವು ಸೇರುವ ವಿಶ್ವವಿದ್ಯಾಲಯ ಯಾವ ಪರೀಕ್ಷೆ, ಯಾವ ಮಟ್ಟ ಕೇಳುತ್ತದೆ ಅಂತ ಅವರಿಗೇ ಮೇಲ್ ಹಾಕಿ ಕೇಳಿ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೆ ಅವರು ಇಟಾಲಿಯನ್ ಕೇಳದೆಯೂ ಇರಬಹುದು. ಮನೆ ಬಾಡಿಗೆಗೆ ಕೊಡುವವರು ಕೇಳುತ್ತಾರೆ.