ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಕೇಳಿದ ಆಲ್ಬಂಗಳು

ಹನ್ನೆರಡು ವರ್ಷ ವೀಣೆ ಕಲಿತವಳು ನಾನು. ಯಾವ ಹಾಡು ಕಿವಿಗೆ ಬಿದ್ದರೂ ಮೊದಲು ಶ್ರುತಿ ಹುಡುಕುತ್ತೇನೆ. ಆಮೇಲೆ ಬಲಗೈ ತಾನಾಗೇ ತೊಡೆ ಮೇಲೆ ತಾಳ ಹಾಕುತ್ತದೆ. ಹೋದ ವರ್ಷ ಗೊತ್ತೇ ಇಲ್ಲದ ಸಂಗೀತ ಕೇಳೋಣ ಅಂತ ಹೊರಟಾಗ ಈ ಚಟ ಕೆಲವು ಸಲ ನೆರವಿಗೆ ಬಂತು, ಕೆಲವು ಸಲ ಕಾಲಿಗೆ ತೊಡರಿತು.

ವಾರಕ್ಕೊಂದು ಆಲ್ಬಂ, ಮೂರು ಸಲ. ಮೊದಲ ಸಲ ಫೋನ್ ಮಗುಚಿಟ್ಟು, ಲೈಟ್ ಆರಿಸಿ, ಸುಮ್ನೆ ಕೂತು. ಎರಡನೇ ಸಲ ನೋಟ್‌ಬುಕ್ ಹಿಡಿದು. ಮೂರನೇ ಸಲ ಪಾತ್ರೆ ತೊಳೆಯುತ್ತಾ. ಯಾಕೋ, ಪಾತ್ರೆ ತೊಳೆಯುವಾಗ ಕೇಳಿದ್ದೇ ಜಾಸ್ತಿ ನೆನಪಿರುತ್ತದೆ.

ಮೊದಲ ವಾರ ಜಾಝ್. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’. ಗೆಳತಿಯ ಅಪ್ಪನ ಹಳೆಯ ಎಲ್‌ಪಿ ತಟ್ಟೆ ಸಿಕ್ಕಿತ್ತು. ಮೊದಲ ತುಣುಕು ‘ಸೋ ವಾಟ್’ ಎರಡು ಮನೆ ಶ್ರುತಿ, ಅಂದರೆ ಪಾಶ್ಚಾತ್ಯರ ‘ಡಿ’, ಅಂತ ಓದಿದ್ದೆ. ಶ್ರುತಿಪೆಟ್ಟಿಗೆ ಎರಡಕ್ಕೆ ಇಟ್ಟರೆ ಕೂರುತ್ತಲೇ ಇಲ್ಲ, ರೆಕಾರ್ಡ್ ಒಂಚೂರು ಮೇಲಿದೆ! ಪ್ಲೇಯರ್ ಕೆಟ್ಟಿದೆ ಅಂದುಕೊಂಡೆ. ಆದರೆ ಎರಡನೇ ಬದಿ ತಿರುಗಿಸಿ ಹಾಕಿದರೆ ಎಲ್ಲ ಸರಿ. ಹುಡುಕಿದಾಗ ವಿಷಯ ತಿಳಿಯಿತು. ಆ ವರ್ಷದ ಮಾರ್ಚ್ 2ರಂದು ನ್ಯೂಯಾರ್ಕ್‌ನಲ್ಲಿ ಮೊದಲ ಬದಿಯ ಮೂರು ತುಣುಕು ರೆಕಾರ್ಡ್ ಮಾಡಿದಾಗ ಟೇಪ್ ಯಂತ್ರ ನಿಧಾನವಾಗಿ ಓಡಿತ್ತು. ಹಾಗಾಗಿ ಮತ್ತೆ ನುಡಿಸಿದಾಗ ವೇಗ ಏರಿತು, ಜೊತೆಗೆ ಶ್ರುತಿಯೂ ಏರಿತು. ಅದನ್ನು ಸರಿ ಮಾಡಿದ್ದು 1990ರ ದಶಕದ ಮರುಬಿಡುಗಡೆಗಳಲ್ಲಿ. ನನ್ನ ಪುಟ್ಟ ಪೆಟ್ಟಿಗೆ ಅದನ್ನು ಹಿಡಿದಿತ್ತು ಅಂತ ಒಂದು ದಿನವೆಲ್ಲಾ ಬೀಗಿದೆ.

ಆ ತುಣುಕಿನ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಆದರೆ ಗಾಂಧಾರ ಸ್ವರಕ್ಕೆ ಕಂಪಿತವೇ (ಸ್ವರವನ್ನು ನಡುಗಿಸುವುದು) ಇಲ್ಲ, ಕೋಲು ನೆಟ್ಟ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಾನು ಹಾಗೆ ನುಡಿಸಿದರೆ ನಮ್ಮ ಟೀಚರ್ ಕೈಗೇ ಹೊಡೆದಾರು. ಇನ್ನೂ ವಿಚಿತ್ರ ಅಂದರೆ, ಹದಿನಾರು ಬಾರ್ (ನಾಲ್ಕೆಣಿಕೆಯ ಆವರ್ತ) ಆದಮೇಲೆ ಆಧಾರ ಸ್ವರವಾದ ಷಡ್ಜವೇ ಎರಡರಿಂದ ಎರಡೂವರೆ ಮನೆಗೆ ಹತ್ತುತ್ತದೆ. ಎಂಟು ಬಾರ್ ಅಲ್ಲಿದ್ದು ಮತ್ತೆ ಕೆಳಗಿಳಿಯುತ್ತದೆ. ತಂಬೂರಿ ಹಿಂದೆ ಇಟ್ಟುಕೊಂಡು ಬೆಳೆದವರಿಗೆ ನೆಲವೇ ಜರುಗಿದ ಹಾಗೆ. ಮೊದಲ ಸಲ ನೋಟ್‌ಬುಕ್‌ನಲ್ಲಿ ‘ಅಪಶ್ರುತಿ’ ಅಂತ ಬರೆದಿದ್ದೆ. ಮೂರನೇ ಸಲ ಆ ಎಂಟು ಬಾರ್‌ಗೋಸ್ಕರವೇ ಕಾಯುತ್ತಿದ್ದೆ.

ಆಮೇಲೆ ರಾಕ್. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಅದರ ‘ಮನಿ’ ಹಾಡಿಗೆ ಆರಂಭದ ಪಾಠವಾದ ಅಲಂಕಾರದಲ್ಲಿ ಕಲಿತ ತ್ರಿಪುಟ ತಾಳ ಹಾಕಿ ನೋಡಿ, ಏಳೇಳು ಎಣಿಕೆ ಜುಂ ಅಂತ ಕೂರುತ್ತದೆ. ನಾನು ಖುಷಿಯಾಗಿ ಹಾಕುತ್ತಿದ್ದೆ, ಗಿಟಾರ್ ಸೋಲೋ ಶುರುವಾದ ಕೂಡಲೇ ತಾಳ ತಪ್ಪಿತು. ಅಲ್ಲಿ ಅವರು ನಾಲ್ಕಕ್ಕೆ ಹೊರಳುತ್ತಾರೆ. ಹೇಳದೆ ಕೇಳದೆ!

ಬ್ರಯಾನ್ ಈನೋ ಅವರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಕೇಳುತ್ತಾ ಮೂರು ಸಲವೂ ಗಮನ ಎಲ್ಲೋ ಹೋಯಿತು. ಪಾತ್ರೆ ತೊಳೆಯುವಾಗ ಕೂಡ. ಗಮನ ಕೊಡದಿದ್ದರೂ ನಡೆಯಬೇಕು ಅಂತಲೇ ಮಾಡಿದ್ದಂತೆ. ಹಾಗಾದರೆ ಗೆದ್ದರು ಅನ್ನಬೇಕು, ಅಲ್ವಾ?

ಮೆಟಲ್ ತಂಡ ಮೆಟಾಲಿಕಾದ ಹೆಸರು ಮಾತ್ರ ಮೊದಲೇ ಗೊತ್ತಿತ್ತು. 2011ರಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನನ್ನ ತಮ್ಮ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಿದ್ದ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಕಿದೆ. ಎರಡನೇ ಹಾಡಿಗೇ ತಲೆನೋವು. ನಿಲ್ಲಿಸಿಬಿಟ್ಟೆ. ತಮ್ಮ ಹೇಳಿದ: “ಅಕ್ಕಾ, ಹಾಡು ಬಿಡು, ಅವನ ಬಲಗೈ ಕೇಳು.” ತಂಡದ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಅಷ್ಟು ವೇಗದಲ್ಲೂ ಹೆಚ್ಚುಕಮ್ಮಿ ಪ್ರತಿ ಮೀಟನ್ನೂ ಮೇಲಿಂದ ಕೆಳಕ್ಕೇ ಹೊಡೆಯುತ್ತಾನೆ. ಅಂಗೈ ಅಂಚಿನಿಂದ ತಂತಿ ಒತ್ತಿ ನಾದ ಕತ್ತರಿಸುತ್ತಾನೆ. ನಾವೂ ವೀಣೆ ತಂತಿಯನ್ನು ಕೆಳಮುಖವಾಗೇ ಮೀಟುವುದು. ಹಾಗಾಗಿ ಆ ಮಣಿಕಟ್ಟಿನ ನೋವು ನನಗೆ ಊಹೆಗೆ ಸಿಕ್ಕಿತು. ಆಲ್ಬಂ ಇಷ್ಟವಾಯಿತು ಅಂತ ಹೇಳಲಾರೆ. ಮರ್ಯಾದೆ ಮಾತ್ರ ಬಂತು.

ನನ್ನ ಅಳತೆಗೋಲು ಪೂರ್ತಿ ಕೈಕೊಟ್ಟಿದ್ದು ರ‍್ಯಾಪ್‌ನಲ್ಲಿ. ಕೆಂಡ್ರಿಕ್ ಲಮಾರ್, 2015ರ ‘ಟು ಪಿಂಪ್ ಅ ಬಟರ್‌ಫ್ಲೈ’. ಮೊದಲ ಸಲ ಕೊನ್ನಕ್ಕೋಲು (ಬಾಯಲ್ಲಿ ಹೇಳುವ ತಾಳದ ಜತಿಗಳು) ಕೇಳುವ ಹಾಗೆ ಕೇಳಿದೆ. ಗತಿ, ಕಾಲ, ಎಲ್ಲಿ ಮುಕ್ತಾಯ. ಮಾತಿನ ಕಡೆ ಗಮನವೇ ಇಲ್ಲ. ಕೆಲವು ಹಾಡು ಮುಗಿದಾಗ ಅವನು ಅದೇ ಸಾಲುಗಳನ್ನು ಹೇಳುತ್ತಿದ್ದ, ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಎಡಿಟಿಂಗ್ ತಪ್ಪಿರಬೇಕು ಅಂದುಕೊಂಡೆ. ನೋಡಿದರೆ ಆ್ಯಪ್‌ನಲ್ಲಿ ಹಾಡುಗಳ ಕ್ರಮ ಕಲಸುವ ಶಫಲ್ ಆನ್ ಆಗಿತ್ತು!

ಎರಡನೇ ಸಲ ಸಾಹಿತ್ಯ ತೆಗೆದಿಟ್ಟುಕೊಂಡು, ಕ್ರಮವಾಗಿ ಕೇಳಿದೆ. ಅದು ಒಂದೇ ಪದ್ಯ. ಆಲ್ಬಂ ಸಾಗಿದಂತೆ ಒಂದಷ್ಟು ಸಾಲು ಸೇರಿ ಬೆಳೆಯುತ್ತದೆ, ಕೊನೆಯ ಹಾಡಲ್ಲಿ ಪೂರ್ತಿಯಾಗುತ್ತದೆ. ಅದನ್ನು ಅವನು ಓದಿ ಹೇಳುವುದು ಟೂಪಾಕ್‌ಗೆ. 1996ರಲ್ಲೇ ತೀರಿಕೊಂಡ ರ‍್ಯಾಪ್ ಗಾಯಕ. ಹಳೆಯ ಸಂದರ್ಶನದ ಧ್ವನಿಯನ್ನು ಕತ್ತರಿಸಿ ಜೋಡಿಸಿ, ಇಬ್ಬರೂ ಎದುರುಬದುರು ಕೂತು ಮಾತಾಡುವ ಹಾಗೆ ಮಾಡಿದ್ದಾರೆ.

ನೋಟ್‌ಬುಕ್‌ನಲ್ಲಿ ಶ್ರುತಿ, ತಾಳ ಅಂತ ಗೆರೆ ಎಳೆದಿದ್ದ ಜಾಗ ಆ ವಾರ ಖಾಲಿ ಉಳಿಯಿತು. ಮೂರನೇ ಸಲ ಎಂದಿನಂತೆ ಸಿಂಕ್ ಮುಂದೆ ನಿಂತಿದ್ದೆ. ಕೊನೆಯಲ್ಲಿ ಕೆಂಡ್ರಿಕ್ ಟೂಪಾಕ್‌ನನ್ನು ಕರೆಯುತ್ತಾನೆ. ಆ ಕಡೆಯಿಂದ ಉತ್ತರವಿಲ್ಲ. ನೀರಿನ ಸದ್ದಿಗೆ ಕೇಳಿಸಲಿಲ್ಲವೇನೋ ಅಂತ ನಲ್ಲಿ ನಿಲ್ಲಿಸಿದೆ. ಆಲ್ಬಂ ಮುಗಿದಿತ್ತು.